ಮಾರಿದ ಮೇಲೆ: ಮಾರ್ಕೆಟಿಂಗ್ ತರಗತಿಯಲ್ಲಿ ಬಾಳಿಕೆಯ ಪಾಠ

(ಮುಂಬಯಿಯ ಮಾಟುಂಗಾದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಗೆ ನಮಸ್ಕಾರ. ಹೆಚ್ಚು ಹೆಚ್ಚು ಮಾರುವುದು ಹೇಗೆಂದು ಕಲಿಸುವುದನ್ನೇ ಕಸುಬಾಗಿಸಿಕೊಂಡ ಮೇಷ್ಟ್ರೊಬ್ಬ ಪರಿಸರ, ಸಮಾಜ, ಮುಂದಿನ ತಲೆಮಾರು ಎಂದು ಮಾತನಾಡಲು ನಿಂತರೆ ಕೇಳುವವರಿಗೆ ಸಂಶಯ ಮೂಡುವುದು ಸಹಜ. ಆ ಸಂಶಯ ನ್ಯಾಯವಾದದ್ದೇ. ಮುಂಬಯಿಯ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮಾರ್ಕೆಟಿಂಗ್ ಕಲಿಸಿದ ನಾನು, ಅದರಲ್ಲಿ ಮೊದಲ ಹತ್ತು ವರ್ಷ ಅರ್ಧ ಪಾಠವನ್ನಷ್ಟೇ ಮಾಡಿದ್ದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದರ್ಧ ಯಾವುದು, ಅದನ್ನು ತರಗತಿಯೊಳಕ್ಕೆ ತರುವುದು ಹೇಗೆ ಎಂಬುದು ಇಂದಿನ ಮಾತಿನ ವಿಷಯ.

ಮಾರ್ಕೆಟಿಂಗ್ ಓದುವ ವಿದ್ಯಾರ್ಥಿ ಮೊದಲ ವಾರದಲ್ಲೇ ಕಲಿಯುವುದು ನಾಲ್ಕು ‘ಪಿ’ಗಳನ್ನು: ಪ್ರಾಡಕ್ಟ್ (ಸರಕು), ಪ್ರೈಸ್ (ಬೆಲೆ), ಪ್ಲೇಸ್ (ಮಾರುವ ಜಾಗ, ವಿತರಣೆ), ಪ್ರಮೋಷನ್ (ಪ್ರಚಾರ). ಅಮೆರಿಕದ ಪ್ರಾಧ್ಯಾಪಕ ಜೆರೋಮ್ ಮೆಕಾರ್ಥಿ 1960ರಲ್ಲಿ ಮುಂದಿಟ್ಟ ಈ ಚೌಕಟ್ಟು ಅರವತ್ತು ವರ್ಷ ದಾಟಿಯೂ ಗಟ್ಟಿಯಾಗಿ ನಿಂತಿದೆ. ಕಲಿಸಲು ಸುಲಭ, ನೆನಪಿಡಲು ಸುಲಭ, ಕೆಲಸಕ್ಕೂ ಬರುತ್ತದೆ. ಆದರೆ ಈ ನಾಲ್ಕೂ ಮುಖ ಮಾಡಿರುವುದು ಒಂದೇ ದಿಕ್ಕಿಗೆ. ಸರಕು ಕಾರ್ಖಾನೆಯಿಂದ ಹೊರಟು ಗೋದಾಮು, ವಿತರಕ, ಕಿರಾಣಿ ಅಂಗಡಿಗಳನ್ನು ಹಾದು ಗ್ರಾಹಕನ ಕೈ ಸೇರುತ್ತದೆ, ಗಲ್ಲಾಪೆಟ್ಟಿಗೆಗೆ ಹಣ ಬೀಳುತ್ತದೆ, ಪಾಠ ಅಲ್ಲಿಗೆ ಮುಗಿಯುತ್ತದೆ. ಅದಾದ ಮೇಲೆ ಗ್ರಾಹಕ ತೃಪ್ತನೋ ಅಲ್ಲವೋ, ಮತ್ತೆ ಕೊಳ್ಳಲು ಬರುತ್ತಾನೋ ಇಲ್ಲವೋ ಎಂದಷ್ಟೇ ವಿಚಾರಿಸುತ್ತೇವೆ. ಅವನ ಕೈಯಲ್ಲಿ ಉಳಿದ ಖಾಲಿ ಬಾಟಲಿ, ಹೊದಿಕೆ, ಪೊಟ್ಟಣ ಎಲ್ಲಿಗೆ ಹೋಯಿತು, ಆ ಸರಕಿನ ಜಾಹೀರಾತನ್ನು ಕಂಡೂ ಕೊಳ್ಳಲಾರದ ಮನೆಯ ಮಕ್ಕಳ ಮನಸ್ಸಿನಲ್ಲಿ ಏನು ಉಳಿಯಿತು ಎಂದು ವಿಚಾರಿಸುವ ಪದ್ಧತಿ ಇಲ್ಲ.

ಈ ಊರಿನಲ್ಲಿರುವ ನಮಗೆ ಬೇರೆಯೇ ಒಂದು ಮಾದರಿ ದಿನವೂ ಕಣ್ಣಿಗೆ ಬೀಳುತ್ತದೆ. ಮನೆಯೂಟದ ಡಬ್ಬಿಯನ್ನು ಕಚೇರಿಗೆ ಮುಟ್ಟಿಸುವ, 1890ರ ಸುಮಾರಿಗೆ ಆರಂಭವಾದ ಡಬ್ಬಾವಾಲಾಗಳ ಸೇವೆಯನ್ನು ಮ್ಯಾನೇಜ್‌ಮೆಂಟ್ ಶಾಲೆಗಳು ಬಹಳ ಮೆಚ್ಚುಗೆಯಿಂದ ಪಾಠ ಮಾಡುತ್ತವೆ. ಡಬ್ಬಿಯ ಮುಚ್ಚಳದ ಮೇಲಿನ ಬಣ್ಣ, ಅಕ್ಷರ, ಅಂಕಿಗಳ ಗುರುತನ್ನು ಹಿಡಿದು, ಹಲವು ಕೈ ಬದಲಾಯಿಸಿ, ಲೋಕಲ್ ರೈಲಿನ ನೂಕುನುಗ್ಗಲನ್ನು ದಾಟಿ, ಊಟದ ಹೊತ್ತಿಗೆ ಸರಿಯಾದ ಮೇಜಿಗೆ ಸರಿಯಾದ ಡಬ್ಬಿಯನ್ನು ಮುಟ್ಟಿಸುವ ಅವರ ಚಾತುರ್ಯವನ್ನು ನಾನೂ ವರ್ಷಗಟ್ಟಲೆ ಹಾಗೆಯೇ ಕಲಿಸಿದೆ. ಅದಕ್ಕಿಂತ ದೊಡ್ಡ ಸಂಗತಿ ಊಟವಾದ ಮೇಲೆ ನಡೆಯುತ್ತದೆ ಎಂಬುದು ಬಹಳ ತಡವಾಗಿ ನನಗೆ ಹೊಳೆಯಿತು. ಖಾಲಿ ಡಬ್ಬಿ ಬಂದ ದಾರಿಯಲ್ಲೇ ಹಿಂದಿರುಗಿ ಸಂಜೆಯೊಳಗೆ ಮನೆ ಸೇರುತ್ತದೆ. ಅದೇ ಡಬ್ಬಿ ಮರುದಿನ ಮತ್ತೆ ಹೊರಡುತ್ತದೆ. ಹೋಗುವ ಕೂಲಿ, ಬರುವ ಕೂಲಿ ಎರಡೂ ಒಂದೇ ತಿಂಗಳ ದರದೊಳಗೆ ಅಡಕವಾಗಿವೆ. ಮರಳಿಸುವುದನ್ನು ಉಪಕಾರ ಎಂದಾಗಲೀ ಪರಿಸರ ಸೇವೆ ಎಂದಾಗಲೀ ಅಲ್ಲಿ ಯಾರೂ ಕರೆಯುವುದಿಲ್ಲ, ಅದು ವ್ಯಾಪಾರದ ಅಂಗವೇ ಆಗಿದೆ. ಈ ಸಭೆಯಲ್ಲಿರುವ ಹಿರಿಯರಿಗೆ ಆರೆ ಹಾಲಿನ ಗಾಜಿನ ಬಾಟಲಿಯೂ ನೆನಪಿರಬೇಕು. ಖಾಲಿ ಬಾಟಲಿ ಒಯ್ದು ತುಂಬಿದ ಬಾಟಲಿ ತರುತ್ತಿದ್ದ ಆ ಬೆಳಗಿನ ಸಾಲು ಕೂಡ ಇದೇ ಬಗೆಯ ವ್ಯವಸ್ಥೆಯಾಗಿತ್ತು.

ಇದಕ್ಕೆ ಎದುರಾಗಿ ನಾನು ತರಗತಿಯಲ್ಲಿ ಇಡುವುದು ಶಾಂಪೂವಿನ ಪೊಟ್ಟಣವನ್ನು. ಇದನ್ನು ಕೀಳಾಗಿ ಕಾಣುವುದು ತಪ್ಪು ಎಂದು ಮೊದಲೇ ವಿದ್ಯಾರ್ಥಿಗಳಿಗೆ ಎಚ್ಚರಿಸುತ್ತೇನೆ. ತಮಿಳುನಾಡಿನ ಕಡಲೂರಿನ ಸಿ. ಕೆ. ರಂಗನಾಥನ್ ಅವರು 1983ರಲ್ಲಿ ಹದಿನೈದು ಸಾವಿರ ರೂಪಾಯಿ ಬಂಡವಾಳದಿಂದ ಚಿಕ್ ಶಾಂಪೂ ಆರಂಭಿಸಿದಾಗ, ದೊಡ್ಡ ಬಾಟಲಿ ಕೊಳ್ಳಲಾಗದ ಹಳ್ಳಿಯ ಹೆಣ್ಣುಮಗಳಿಗೂ ದಿನಗೂಲಿಯವನಿಗೂ ಒಂದು ಸ್ನಾನಕ್ಕೆ ಸಾಲುವಷ್ಟು ಶಾಂಪೂ ಕೈಗೆಟಕಿತು. ಅವರ ತಂದೆಯೇ ಪೊಟ್ಟಣದ ಮಾರಾಟಕ್ಕೆ ದಾರಿ ಹಾಕಿಕೊಟ್ಟವರು. ತಿಂಗಳ ಸಂಬಳವಿಲ್ಲದ ಜನರ ಕೈಯಲ್ಲಿ ಹಣ ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಓಡಾಡುತ್ತದೆ ಎಂಬುದನ್ನು ಗೌರವದಿಂದ ಅರಿತ ಉಪಾಯ ಅದು. ಬಡವರೂ ಗ್ರಾಹಕರೇ ಎಂದು ಮುಂದೆ ಮ್ಯಾನೇಜ್‌ಮೆಂಟ್ ಚಿಂತಕ ಸಿ. ಕೆ. ಪ್ರಹ್ಲಾದ್ ಅವರು ಜಗತ್ತಿನ ಮುಂದೆ ವಾದಿಸಿದಾಗ ಪೊಟ್ಟಣವೇ ಅದರ ಪ್ರಸಿದ್ಧ ಉದಾಹರಣೆಯಾಯಿತು.

ಆದರೆ ಆ ಪೊಟ್ಟಣದ ಮೈ ಎಂಥದು? ಪ್ಲಾಸ್ಟಿಕ್‌ನ ಬೇರೆ ಬೇರೆ ಪದರಗಳು, ನಡುವೆ ಬಹಳ ಸಲ ಅಲ್ಯೂಮಿನಿಯಂನ ತೆಳುಪದರ, ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ಗಾಳಿ, ತೇವ ಒಳಗೆ ಹೋಗದಂತೆ ಕಾಯುತ್ತವೆ. ಆ ಪದರಗಳನ್ನು ಬಿಡಿಸುವುದು ಕಷ್ಟ, ಬಿಡಿಸಿದರೂ ಸಿಗುವ ಮಾಲು ಅತ್ಯಲ್ಪ. ಹಾಗಾಗಿ ಭಂಗಾರದ ಅಂಗಡಿಯಲ್ಲಿ, ಅಂದರೆ ಗುಜರಿಯಲ್ಲಿ, ಅದಕ್ಕೆ ಬೆಲೆಯಿಲ್ಲ. ಹಾಲಿನ ಪ್ಲಾಸ್ಟಿಕ್ ಚೀಲಕ್ಕೆ ಬೆಲೆಯಿದೆ, ನೀರಿನ ಬಾಟಲಿಗೆ ಬೆಲೆಯಿದೆ, ರಟ್ಟಿಗೆ ಬೆಲೆಯಿದೆ. ಅವನ್ನು ಆಯುವವರಿದ್ದಾರೆ, ಧಾರಾವಿಯ ಹದಿಮೂರನೆಯ ಕಂಪೌಂಡಿನಲ್ಲಿ ಅವನ್ನು ವಿಂಗಡಿಸಿ, ಪುಡಿ ಮಾಡಿ, ಮತ್ತೆ ಕಚ್ಚಾಮಾಲು ಮಾಡುವವರಿದ್ದಾರೆ. ಪೊಟ್ಟಣವನ್ನು ಮಾತ್ರ ಯಾರೂ ಬಾಗಿ ಎತ್ತಿಕೊಳ್ಳುವುದಿಲ್ಲ. ಅದು ಗಟಾರಕ್ಕೆ, ನಾಲೆಗೆ, ಸಮುದ್ರಕ್ಕೆ, ಇಲ್ಲವೇ 1927ರಿಂದ ಈ ನಗರದ ಕಸವನ್ನು ಹೊರುತ್ತಿರುವ ದೇವನಾರದ ಗುಡ್ಡೆಗೆ ಹೋಗುತ್ತದೆ. 2016ರ ಜನವರಿಯಲ್ಲಿ ಆ ಗುಡ್ಡೆಗೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆ ಕವಿದಾಗ ಸುತ್ತಲಿನ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಗುಡ್ಡೆಯ ಪಕ್ಕದ ಗೋವಂಡಿಯ ಆ ಮಕ್ಕಳು ಯಾವ ಕಂಪನಿಯ ಗ್ರಾಹಕ ಸಮೀಕ್ಷೆಯಲ್ಲೂ ಈ ಹೊಗೆಯ ಲೆಕ್ಕಕ್ಕೆ ಸಿಗುವುದಿಲ್ಲ.

ಇಲ್ಲಿ ಚಿಕ್ ಶಾಂಪೂವಿನ ಕಥೆಯಲ್ಲಿಯೇ ಅಡಗಿರುವ ಒಂದು ಸಂಗತಿಯನ್ನು ಹೇಳಬೇಕು. ಆರಂಭದ ವರ್ಷಗಳಲ್ಲಿ ಆ ಕಂಪನಿ ಒಂದು ಯೋಜನೆ ಹೂಡಿತ್ತು: ಬಳಸಿದ ಖಾಲಿ ಪೊಟ್ಟಣಗಳನ್ನು, ಯಾವ ಕಂಪನಿಯದ್ದಾದರೂ ಸರಿ, ಅಂಗಡಿಗೆ ತಂದುಕೊಟ್ಟರೆ ಚಿಕ್‌ನ ಒಂದು ಪೊಟ್ಟಣ ಉಚಿತ. ಸ್ವಲ್ಪ ಕಾಲದ ಮೇಲೆ ಚಿಕ್‌ನ ಖಾಲಿ ಪೊಟ್ಟಣಗಳಿಗೆ ಮಾತ್ರ ಎಂದು ನಿಯಮ ಬದಲಾಯಿಸಿದರು. ಮಾರಾಟ ಏರಿತು, ಯೋಜನೆ ಗೆದ್ದಿತು. ಪಠ್ಯಗಳಲ್ಲಿ ಇದು ಮಾರಾಟ ಉತ್ತೇಜನದ ಜಾಣ ಉದಾಹರಣೆಯಾಗಿ ಬರುತ್ತದೆ, ನಾನೂ ಹಾಗೆಯೇ ಹೇಳಿಕೊಟ್ಟಿದ್ದೆ. ಈಗ ಅದೇ ಕಥೆಯನ್ನು ಮಂಡಿಸಿ ವಿದ್ಯಾರ್ಥಿಗಳನ್ನು ಬೇರೆ ಪ್ರಶ್ನೆ ಕೇಳುತ್ತೇನೆ. ಹಳ್ಳಿಹಳ್ಳಿಯಿಂದ ಖಾಲಿ ಪೊಟ್ಟಣ ಅಂಗಡಿಗೆ ಮರಳಿ ಬರಲು ಸಾಧ್ಯವೇ ಇಲ್ಲ ಎಂದು ಇಂದು ಉದ್ಯಮ ಹೇಳುವಾಗ, ನಲವತ್ತು ವರ್ಷದ ಹಿಂದೆ ಅದು ಬಂದದ್ದು ಹೇಗೆ? ವ್ಯಾಪಾರಕ್ಕೆ ಬೇಕೆನಿಸಿದಾಗ ದಾರಿ ತೆರೆಯಿತು, ಬೇಡವಾದಾಗ ಮುಚ್ಚಿತು. ದಾರಿಯೇ ಇಲ್ಲ ಎನ್ನುವುದಕ್ಕೂ ದಾರಿಯ ಖರ್ಚನ್ನು ಯಾರೂ ಹೊರುತ್ತಿಲ್ಲ ಎನ್ನುವುದಕ್ಕೂ ಬಹಳ ಅಂತರವಿದೆ, ಆ ಅಂತರವನ್ನು ಕಾಣುವ ಕಣ್ಣನ್ನು ಕೊಡುವುದೇ ನಮ್ಮ ತರಗತಿಯ ಕೆಲಸ.

ಕಾಯಿದೆಯ ಭಾಷೆಯನ್ನು ಓದಲು ಕಲಿಸುವುದೂ ಇದರೊಂದಿಗೇ ಆಗಬೇಕು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, ಮರುಬಳಕೆ ಮಾಡಲಾಗದ ಬಹುಪದರದ ಪ್ಲಾಸ್ಟಿಕ್ಕನ್ನು ಎರಡು ವರ್ಷಗಳಲ್ಲಿ ನಿಲ್ಲಿಸಬೇಕೆಂದು ಹೇಳಿದ್ದವು. 2018ರ ತಿದ್ದುಪಡಿಯಲ್ಲಿ ಅದೇ ವಾಕ್ಯಕ್ಕೆ, ಶಕ್ತಿಯನ್ನು ಪಡೆಯಲಾಗದ ಅಥವಾ ಬೇರೆ ಉಪಯೋಗವಿಲ್ಲದ ಎಂಬ ಮಾತುಗಳು ಸೇರಿಕೊಂಡವು. ಯಾವುದೇ ಪೊಟ್ಟಣವನ್ನು ಸುಟ್ಟರೆ ಅಷ್ಟಿಷ್ಟು ಶಾಖ ಬರುತ್ತದೆ, ಸಿಮೆಂಟ್ ಗೂಡಿಗೆ ಉರುವಲಾಗುತ್ತದೆ. ಹಾಗಾಗಿ ಕೆಲವೇ ಪದಗಳ ಸೇರ್ಪಡೆಯಿಂದ ಇಡೀ ಪೊಟ್ಟಣದ ಮಾರುಕಟ್ಟೆ ಉಳಿದುಕೊಂಡಿತು. ಎರಡೂ ವಾಕ್ಯಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ಅರ್ಧ ಗಂಟೆ ಚರ್ಚೆಗೆ ಬಿಟ್ಟರೆ, ಒಂದು ಸೆಮಿಸ್ಟರಿನ ಉಪದೇಶಕ್ಕಿಂತ ಹೆಚ್ಚು ಕಲಿಕೆ ಆಗುತ್ತದೆ ಎಂಬುದು ನನ್ನ ಅನುಭವ. ಮಹಾರಾಷ್ಟ್ರ ಸರ್ಕಾರ 2018ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆ ಹೊರಡಿಸಿದಾಗ, ಹಾಲಿನ ಚೀಲದ ಮೇಲೆ ಐವತ್ತು ಪೈಸೆಯ ಮರುಖರೀದಿ ಬೆಲೆಯನ್ನು ಮುದ್ರಿಸಬೇಕೆಂಬ ವಿಚಾರವೂ ಅದರಲ್ಲಿತ್ತು. ಐವತ್ತು ಪೈಸೆಗಾಗಿ ಮಧ್ಯಮ ವರ್ಗದ ಗೃಹಿಣಿ ಚೀಲ ಮರಳಿಸುತ್ತಾಳೆಯೇ, ಮನೆಗೆಲಸದಾಕೆ ಮರಳಿಸುತ್ತಾಳೆಯೇ, ಬೆಲೆ ಎರಡು ರೂಪಾಯಿಯಾದರೆ ಏನಾದೀತು ಎಂಬುದೆಲ್ಲ ಶುದ್ಧ ಬೆಲೆ ನಿಗದಿಯ ಪ್ರಶ್ನೆಗಳು. ಇವು ಪರಿಸರದ ಕೊನೆಯ ಅಧ್ಯಾಯಕ್ಕೆ ಹೋಗಬೇಕಾದವಲ್ಲ, ಬೆಲೆಯ ಅಧ್ಯಾಯದ ನಡುವಿಗೇ ಬರಬೇಕಾದವು.

ಕೊನೆಯ ಅಧ್ಯಾಯ ಎಂದೆ. ನನ್ನ ಮುಖ್ಯ ಆಕ್ಷೇಪ ಇರುವುದೇ ಅಲ್ಲಿ. ಪಠ್ಯಕ್ರಮಗಳಲ್ಲಿ ಸುಸ್ಥಿರತೆ, ಅಂದರೆ ಮುಂದಿನ ತಲೆಮಾರಿಗೂ ಉಳಿಯುವಂತೆ ಬಳಸುವ ವಿಚಾರ, ಇಲ್ಲವೆಂದಲ್ಲ, ಇದೆ. ಕಟ್ಟಕಡೆಯ ಘಟಕವಾಗಿ ಇದೆ, ಐಚ್ಛಿಕ ವಿಷಯವಾಗಿ ಇದೆ, ಪರೀಕ್ಷೆಯಲ್ಲಿ ಐದು ಅಂಕದ ಟಿಪ್ಪಣಿಯಾಗಿ ಇದೆ. ಅಮೆರಿಕದ ಮಾರ್ಕೆಟಿಂಗ್ ಪ್ರಾಧ್ಯಾಪಕ ಫಿಲಿಪ್ ಕೋಟ್ಲರ್ ಅವರು ಗ್ರಾಹಕನ ತೃಪ್ತಿ ಮತ್ತು ಕಂಪನಿಯ ಲಾಭದ ಜೊತೆಗೆ ಸಮಾಜದ ದೀರ್ಘಕಾಲದ ಹಿತವೂ ತೂಗಬೇಕೆಂಬ ಪರಿಕಲ್ಪನೆಯನ್ನು ಮಂಡಿಸಿದ್ದು 1972ರಲ್ಲಿ. ಅಮೆರಿಕನ್ ಮಾರ್ಕೆಟಿಂಗ್ ಅಸೋಸಿಯೇಷನ್ 1985ರಲ್ಲಿ ಒಪ್ಪಿಕೊಂಡಿದ್ದ ವ್ಯಾಖ್ಯೆ ವ್ಯಕ್ತಿಗಳ ಮತ್ತು ಸಂಸ್ಥೆಗಳ ಉದ್ದೇಶಗಳನ್ನು ಈಡೇರಿಸುವ ವಿನಿಮಯದ ಬಗ್ಗೆ ಮಾತ್ರ ಹೇಳುತ್ತಿತ್ತು. 2007ರ ವ್ಯಾಖ್ಯೆಯಲ್ಲಿ ಗ್ರಾಹಕರು, ಪಾಲುದಾರರ ಸಾಲಿನ ಕೊನೆಗೆ ಒಟ್ಟು ಸಮಾಜವೂ ಬಂದು ಸೇರಿತು. ಹೊಣೆಯರಿತ ಮ್ಯಾನೇಜ್‌ಮೆಂಟ್ ಶಿಕ್ಷಣಕ್ಕಾಗಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ತತ್ವಗಳು ರೂಪುಗೊಂಡದ್ದೂ 2007ರಲ್ಲಿಯೇ. ವ್ಯಾಖ್ಯೆ ಬದಲಾಗಿ ಇಷ್ಟು ವರ್ಷ ಕಳೆದರೂ, ಉತ್ಪನ್ನ ವಿನ್ಯಾಸದ ಪಾಠದಲ್ಲಿ ಹೊದಿಕೆಯ ಅಂತ್ಯ, ವಿತರಣೆಯ ಪಾಠದಲ್ಲಿ ಮರಳುವ ದಾರಿ, ಪ್ರಚಾರದ ಪಾಠದಲ್ಲಿ ಮಾತಿನ ಸತ್ಯ ಬಾರದಿದ್ದರೆ, ಕೊನೆಯ ಘಟಕದಲ್ಲಿ ಅದನ್ನೆಲ್ಲ ಹೇಳುವುದರಿಂದ ಏನೂ ಆಗದು. ಊಟ ಮುಗಿದ ಮೇಲೆ ಉಪ್ಪು ಬಡಿಸಿದಂತೆ ಅದು.

ಪದದ ಬಗ್ಗೆಯೂ ಒಂದು ಮಾತು. ಸುಸ್ಥಿರತೆ ಎಂಬ ಸಂಸ್ಕೃತ ಶಬ್ದವನ್ನು ನಾವು ಬಳಸುತ್ತೇವೆ, ಮರಾಠಿಯವರು ಶಾಶ್ವತ ವಿಕಾಸ ಎನ್ನುತ್ತಾರೆ. ಎರಡೂ ವಿದ್ಯಾರ್ಥಿಗೆ ಸರ್ಕಾರಿ ಕಾಗದದ ಪದಗಳಾಗಿ ಕೇಳಿಸುತ್ತವೆ. ಪಾತ್ರೆ, ಚಾಪೆ, ಸೀರೆ ಕೊಳ್ಳುವಾಗ ನಮ್ಮ ಮನೆಯ ಹಿರಿಯರು ತಪ್ಪದೆ ಕೇಳುತ್ತಿದ್ದ ಪ್ರಶ್ನೆ, ‘ಬಾಳಿಕೆ ಬರುತ್ತದೆಯೇ?’ ಎಂದು. ಮರಾಠಿ ಮನೆಗಳಲ್ಲಿ ‘ಟಿಕಾವೂ ಆಹೇ ಕಾ?’ ಎಂದು ಕೇಳುತ್ತಾರೆ. ಬಾಳಿಕೆ ಎಂಬ ನಮ್ಮ ಪದದೊಳಗೆ ಬಾಳು ಇದೆ. ವಸ್ತು ಎಷ್ಟು ದಿನ ಬಾಳುತ್ತದೆ ಎಂದು ಕೇಳಲು ಕಲಿತ ವಿದ್ಯಾರ್ಥಿ, ಅದನ್ನು ಮಾಡಿದವರ ಬಾಳು, ಅದರ ಕಸವನ್ನು ಆಯುವವರ ಬಾಳು ಹೇಗಿದೆ ಎಂದು ಕೇಳುವತ್ತ ತಾನಾಗಿ ನಡೆಯುತ್ತಾನೆ. ಈಗ ನನ್ನ ತರಗತಿಯಲ್ಲಿ ನಾನು ಬಳಸುವುದು ಈ ಮಾತನ್ನೇ.

ಮಾರ್ಕೆಟಿಂಗ್ ಕಲೆಯೇ ಕೆಟ್ಟದ್ದು ಎಂಬ ತೀರ್ಮಾನಕ್ಕೆ ವಿದ್ಯಾರ್ಥಿಗಳು ಬರಬಾರದು. ಹಾಗೆ ಬಂದವರನ್ನು ನಾನು ಸರ್ಕಾರಿ ಕಾಂಡೋಮ್ ಆದ ನಿರೋಧ್‌ನ ಚರಿತ್ರೆಗೆ ಕರೆದೊಯ್ಯುತ್ತೇನೆ. ಕುಟುಂಬ ಯೋಜನೆಗಾಗಿ ಸರ್ಕಾರ 1968ರಲ್ಲಿ ನಿರೋಧ್ ಮಾರಾಟವನ್ನು ಆರಂಭಿಸಿದಾಗ, ಆಸ್ಪತ್ರೆಗಳಷ್ಟನ್ನೇ ನೆಚ್ಚಿಕೊಳ್ಳದೆ, ಚಹಾ, ಸಾಬೂನು, ಸಿಗರೇಟು, ಬ್ಯಾಟರಿ ಮಾರುವ ದೊಡ್ಡ ಕಂಪನಿಗಳ ವಿತರಣಾ ಜಾಲದ ಮೂಲಕ ಅದನ್ನು ಸಾಮಾನ್ಯ ಅಂಗಡಿಗಳಿಗೆ ಮುಟ್ಟಿಸಿತು. ಮೂರಕ್ಕೆ ಹದಿನೈದು ಪೈಸೆ, ಅಂದರೆ ಬಡವನಿಗೂ ಎಟಕುವ ಬೆಲೆ. ಬೀದಿ ಕೊನೆಯ ಅಂಗಡಿ, ಎಲ್ಲರಿಗೂ ಅರ್ಥವಾಗುವ ಹೆಸರು, ದೊಡ್ಡ ಪ್ರಚಾರ. ನಾಲ್ಕೂ ‘ಪಿ’ಗಳು ಒಂದು ಸಾಮಾಜಿಕ ಕೆಲಸಕ್ಕೆ ದುಡಿದವು. ಸೋಷಿಯಲ್ ಮಾರ್ಕೆಟಿಂಗ್ ಎಂಬ ಹೆಸರು ಪಾಶ್ಚಾತ್ಯ ಪತ್ರಿಕೆಗಳಲ್ಲಿ ಬಂದದ್ದು 1971ರಲ್ಲಿ, ಅದಕ್ಕೆ ಮೂರು ವರ್ಷ ಮೊದಲೇ ನಮ್ಮ ಗೂಡಂಗಡಿಗಳು ಆ ಕೆಲಸ ಮಾಡುತ್ತಿದ್ದವು.

ಸಮಾಜದ ಮೇಲಿನ ಪರಿಣಾಮವೆಲ್ಲ ಕಸದ ರೂಪದಲ್ಲೇ ಇರುವುದಿಲ್ಲ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಆ್ಯಂಡ್ ಲವ್ಲಿ ಕ್ರೀಮಿನ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಹಿಂದುಸ್ತಾನ್ ಯೂನಿಲಿವರ್ ತೆಗೆದದ್ದು 2020ರಲ್ಲಿ. ಆ ನಲವತ್ತೈದು ವರ್ಷಗಳಲ್ಲಿ ಕಪ್ಪು ಮೈಬಣ್ಣದ ಎಷ್ಟು ಹೆಣ್ಣುಮಕ್ಕಳು ಕನ್ನಡಿಯ ಮುಂದೆ ನಿಂತು ತಮ್ಮನ್ನು ತಾವೇ ಕಡಿಮೆ ಎಂದುಕೊಂಡರೋ, ಅದನ್ನು ಅಳೆಯುವ ತಕ್ಕಡಿಯಿಲ್ಲ. ಬಣ್ಣದ ಮೋಹ ಆ ಕ್ರೀಮಿನಿಂದಲೇ ಹುಟ್ಟಿತೆಂದರೆ ಸುಳ್ಳಾಗುತ್ತದೆ, ನಮ್ಮ ವಧು-ವರರ ಜಾಹೀರಾತುಗಳು ಅದಕ್ಕೆ ಸಾಕ್ಷಿ. ಆದರೆ ಸಮಾಜದಲ್ಲಿ ಮೊದಲೇ ಇರುವ ನೋವನ್ನು ಮಾರಾಟದ ಮೆಟ್ಟಿಲಾಗಿಸಿಕೊಳ್ಳಬಹುದೇ ಎಂಬ ಪ್ರಶ್ನೆ ಉಳಿಯುತ್ತದೆ. ಗ್ರಾಹಕರ ಒಳ ಆಸೆಯನ್ನು ಪತ್ತೆ ಹಚ್ಚುವ ಸಂಶೋಧನಾ ವಿಧಾನವನ್ನು ಕಲಿಸುವ ದಿನವೇ ಈ ಪ್ರಶ್ನೆಯನ್ನೂ ಕೇಳಬೇಕು. ನನ್ನ ತರಗತಿಯಲ್ಲಿ ಅತ್ಯಂತ ಹೆಚ್ಚು ಹೊತ್ತು ಮೌನ ಕವಿಯುವುದು ಈ ಪಾಠದಲ್ಲಿ.

ಹಸಿರು ಮಾತಿನ ಜಾಹೀರಾತುಗಳಿಗೆ ನಾನು ಬೇರೆ ಅಭ್ಯಾಸ ಕೊಡುತ್ತೇನೆ. ಅಂಗಡಿಗೆ ಹೋಗಿ, ಪರಿಸರಸ್ನೇಹಿ, ನೈಸರ್ಗಿಕ, ಹಸಿರು ಎಂದು ಬರೆದುಕೊಂಡಿರುವ ಹತ್ತು ಸರಕುಗಳನ್ನು ಗುರುತಿಸಿ, ಪ್ರತಿಯೊಂದು ಮಾತಿಗೂ ಆಧಾರ ಎಲ್ಲಿ ಸಿಗುತ್ತದೆ ಎಂದು ಹುಡುಕಬೇಕು. ಈ ಮುಂಬಯಿಯಲ್ಲೇ 1985ರಲ್ಲಿ ಹುಟ್ಟಿದ ಜಾಹೀರಾತು ಗುಣಮಟ್ಟ ಮಂಡಳಿ, ಅಂದರೆ ಆಸ್ಕಿ, ಪರಿಸರದ ಹೆಸರಿನ ಜಾಹೀರಾತುಗಳಿಗೆ 2024ರ ಫೆಬ್ರವರಿಯಿಂದ ಮಾರ್ಗಸೂಚಿಯನ್ನು ಜಾರಿಗೆ ತಂದಿದೆ; ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ತನ್ನ ಮಾರ್ಗಸೂಚಿ ಹೊರಡಿಸಿತು. ಬರಿದೇ ‘ಪರಿಸರಸ್ನೇಹಿ’ ಎಂದರೆ ಸಾಲದು. ಸರಕಿಗೋ ಹೊದಿಕೆಗೋ, ಯಾವ ಭಾಗಕ್ಕೆ, ಯಾವ ಆಧಾರದಿಂದ ಎಂದು ಹೇಳಬೇಕು. ವಿದ್ಯಾರ್ಥಿಗಳು ಹಿಂದಿರುಗಿ ಅದೇ ಜಾಹೀರಾತನ್ನು ಆಧಾರವಿರುವಷ್ಟೇ ಹೇಳಿ ಮತ್ತೆ ಬರೆಯಬೇಕು, ಮತ್ತು ಅದು ಓದುಗರನ್ನು ಹಿಡಿದು ನಿಲ್ಲಿಸಲೂ ಬೇಕು. ಸತ್ಯವನ್ನು ಆಕರ್ಷಕವಾಗಿ ಬರೆಯುವುದು ಸುಳ್ಳನ್ನು ಆಕರ್ಷಕವಾಗಿ ಬರೆಯುವುದಕ್ಕಿಂತ ಕಠಿಣ ಕಸುಬು ಎಂಬುದು ಆಗ ಅವರಿಗೆ ಗೊತ್ತಾಗುತ್ತದೆ.

ಪ್ರತಿ ವರ್ಷವೂ ಯಾರಾದರೊಬ್ಬರು ಎದ್ದು ನಿಂತು, ‘ಸರ್, ಕೆಲಸಕ್ಕೆ ಸೇರಿದ ಮೇಲೆ ನಮ್ಮನ್ನು ಕೇಳುವುದು ತಿಂಗಳ ಟಾರ್ಗೆಟ್ಟನ್ನು ಮಾತ್ರ’ ಎನ್ನುತ್ತಾರೆ. ಆ ಹುಡುಗ ಶಿಕ್ಷಣ ಸಾಲ ಮಾಡಿ ಓದುತ್ತಿರುತ್ತಾನೆ, ಅವನ ಆತಂಕವನ್ನು ಆದರ್ಶದ ಮಾತಿನಿಂದ ತಳ್ಳಿಹಾಕುವುದು ಅನ್ಯಾಯ. ನಾನು ಅವನಿಗೆ ಎರಡು ಸಂಗತಿ ಹೇಳುತ್ತೇನೆ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು 2022-23ರಿಂದ ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿಯನ್ನು ಕಡ್ಡಾಯವಾಗಿ ಕೊಡಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ವಿಧಿಸಿದೆ. ಆ ವರದಿಯ ಒಂಬತ್ತು ತತ್ವಗಳಲ್ಲಿ ಒಂದು ಗ್ರಾಹಕರೊಂದಿಗಿನ ಹೊಣೆಗಾರಿಕೆಯದ್ದು, ಇನ್ನೊಂದು ಸರಕು ಸುರಕ್ಷಿತವೂ ಬಾಳಿಕೆಯದೂ ಆಗಿರಬೇಕೆಂಬುದು. ಅದನ್ನು ತಿಳಿದು ಬರೆಯಬಲ್ಲವರು ಬೇಕಾಗಿದ್ದಾರೆ. ಎರಡನೆಯದು, ಟಾರ್ಗೆಟ್ ಮುಟ್ಟುವುದೂ ಅವನ ಕರ್ತವ್ಯವೇ. ಆದರೆ ಹೊಸ ಪೊಟ್ಟಣದ ಅಳತೆ, ಪದರ, ಬೆಲೆ ನಿರ್ಧಾರವಾಗುವ ಸಭೆಯಲ್ಲಿ ಮುಂದೊಂದು ದಿನ ಅವನು ಕುಳಿತಿರುತ್ತಾನೆ, ಆ ದಿನ ‘ಇದು ಖಾಲಿಯಾದ ಮೇಲೆ?’ ಎಂದು ಕೇಳಲು ಅವನಿಗೆ ತಿಳಿದಿರಬೇಕು.

ಕಡೆಯದಾಗಿ, ಈ ಸಭೆಯಲ್ಲಿ ಹೋಟೆಲ್ ಉದ್ಯಮದ ಬಂಧುಗಳು ಬಹಳ ಮಂದಿ ಇದ್ದೀರಿ ಎಂಬ ಕಾರಣಕ್ಕೆ ಒಂದು ಕೋರಿಕೆ. ದಕ್ಷಿಣ ಕನ್ನಡ, ಉಡುಪಿಗಳಿಂದ ಬಂದ ನಮ್ಮವರು ಈ ನಗರಕ್ಕೆ ಇಡ್ಲಿ, ದೋಸೆಯ ಜೊತೆಗೆ ಬಾಳೆಲೆಯನ್ನೂ ತೊಳೆದು ಮತ್ತೆ ಬಳಸುವ ಸ್ಟೀಲಿನ ಲೋಟ ಬಟ್ಟಲನ್ನೂ ತಂದರು. ಒಳಗೆ ಕುಳಿತು ತಿನ್ನುವವನ ತಟ್ಟೆಯಿಂದ ಕಸವಾಗುವುದು ಬಹಳ ಕಡಿಮೆ. ಅದೇ ಇಡ್ಲಿಯನ್ನು ಪಾರ್ಸೆಲ್ ಕಟ್ಟಿದಾಗ ಸಾಂಬಾರಿಗೊಂದು, ಚಟ್ನಿಗೊಂದು, ಇಡ್ಲಿಗೊಂದು ಡಬ್ಬಿ, ಮೇಲೊಂದು ಚೀಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ಕಟ್ಟಿಕೊಂಡ ಚರಂಡಿಗಳಲ್ಲಿ ಎಂಥೆಂಥ ಚೀಲಗಳು ತುಂಬಿದ್ದವೆಂಬುದನ್ನು ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ನಮ್ಮ ಮುಂದಿನ ತಂಡದ ವಿದ್ಯಾರ್ಥಿಗಳಿಗೆ ನಿಮ್ಮ ಹೋಟೆಲುಗಳ ಪಾರ್ಸೆಲ್ ಕೌಂಟರಿನಲ್ಲಿ ಒಂದು ವಾರ ನಿಲ್ಲಲು ಅವಕಾಶ ಕೊಡಿ. ದಿನಕ್ಕೆ ಎಷ್ಟು ಡಬ್ಬಿ ಹೊರಗೆ ಹೋಗುತ್ತದೆ, ಅದರ ಖರ್ಚು ನಿಮಗೆಷ್ಟು, ಅಕ್ಕಪಕ್ಕದ ಬೀದಿಯ ಖಾಯಂ ಗಿರಾಕಿಗಳಲ್ಲಿ ಎಷ್ಟು ಮಂದಿ ಮನೆಯಿಂದ ಸ್ಟೀಲಿನ ಕ್ಯಾರಿಯರ್ ತರಲು ಒಪ್ಪುತ್ತಾರೆ, ತಂದವರಿಗೆ ಎಷ್ಟು ರೂಪಾಯಿ ಕಡಿಮೆ ಮಾಡಿದರೆ ನಿಮಗೂ ನಷ್ಟವಾಗುವುದಿಲ್ಲ ಎಂಬ ಲೆಕ್ಕವನ್ನು ಅವರು ಹಾಕಿ ನಿಮ್ಮ ಕೈಗೇ ಕೊಡುತ್ತಾರೆ. ಒಪ್ಪುವವರು ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಬಳಿ ನನ್ನನ್ನು ಕಂಡರೆ, ಯಾವ ವಾರ, ಯಾವ ಹೊತ್ತು ಎಂದು ಈಗಲೇ ಗೊತ್ತು ಮಾಡಿಕೊಳ್ಳೋಣ.